ಅಳತೆ ಪುಸ್ತಕದಲ್ಲಿಲ್ಲದ ಹನ್ನೆರಡು ಅಡಿ

ಸರ್ಕಾರಿ ಗುತ್ತಿಗೆಯ ವ್ಯಾಜ್ಯ ಹೊತ್ತು ತರುವ ಕಕ್ಷಿದಾರರು ಮೊದಲ ದಿನ ನಿಜ ಹೇಳುವುದಿಲ್ಲ. ಎರಡು ಮೂರು ಭೇಟಿಗಳಾದ ಮೇಲೆ, ಹೊರಟು ಬಾಗಿಲ ತನಕ ಹೋಗಿ, ತಿರುಗಿ ನಿಂತು, "ಇನ್ನೊಂದು ವಿಷಯ ಇತ್ತು ಮೇಡಂ" ಎಂದು ಶುರುಮಾಡುತ್ತಾರೆ. ಅದು ನನಗೆ ಅಭ್ಯಾಸವಾಗಿಹೋಗಿದೆ. ಶನಿವಾರಸಂತೆ ಕಡೆಯ ಆ ಗುತ್ತಿಗೆದಾರರು ಮಾತ್ರ ಮಡಿಕೇರಿಯ ನನ್ನ ಕಚೇರಿಗೆ ಬಂದವರು ಕುರ್ಚಿ ಎಳೆದುಕೊಳ್ಳುವ ಮೊದಲೇ ನಿಜ ಹೇಳಿಬಿಟ್ಟರು. ನನ್ನ ತೊಂದರೆ ಶುರುವಾದದ್ದೇ ಅಲ್ಲಿಂದ.

"ಗ್ಯಾಪ್ ಬಿಟ್ಟಿದ್ದು ನಾನೇ ಮೇಡಂ. ಹನ್ನೆರಡಡಿ. ಅದ್ರಾಗೇ ಆನೆ ಬಂದಿದ್ದು."

ಐವತ್ತು ದಾಟಿದ ಮನುಷ್ಯ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ನಾಲ್ಕು ಮಡಿಕೆಯಾದ ಒಂದು ನೋಟಿಸ್. ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನ ಅಂಚಿನಲ್ಲಿ, ತೋಟಕ್ಕೂ ಕಾಡಿಗೂ ನಡುವೆ ಆನೆ ಕಂದಕ ತೋಡುವ ಗುತ್ತಿಗೆ ಅವರದಾಗಿತ್ತು. ಮೂರು ಮೀಟರ್ ಅಗಲ, ಮೂರು ಮೀಟರ್ ಆಳ, ನೀರಿನ ತೋಡಿನ ದಡದಿಂದ ರಸ್ತೆಯ ಮೋರಿಯ ತನಕ ನಡುವೆ ಎಲ್ಲೂ ತುಂಡಾಗದ ಹಾಗೆ. ಹಿಂದಿನ ಮಳೆಗಾಲಕ್ಕೆ ಮೊದಲೇ ಕೆಲಸ ಮುಗಿದು, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರವೂ ಕೈಸೇರಿತ್ತು. ಕಾಫಿ ಪಿಕ್ಕಿಂಗ್ ಶುರುವಾದ ಮೇಲೆ ಒಂದು ಬೆಳಿಗ್ಗೆ, ಹಣ್ಣು ಬಿಡಿಸಲು ಹೊರಟಿದ್ದ, ಕೂಲಿಯವರ ಮನೆಗಳ ಸಾಲಾದ ಲೈನಿನ ಹೆಂಗಸೊಬ್ಬಳನ್ನು ಒಂಟಿ ಸಲಗ ಎತ್ತಿ ಎಸೆಯಿತು. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಪತ್ರಿಕೆಯವರು ಕಂದಕದ ನಡುವೆ ಉಳಿದಿದ್ದ ನೆಲದ ಫೋಟೋ ಹಾಕಿದರು. ಕೂಡಲೇ ಅರಣ್ಯ ಇಲಾಖೆಯ ಮೇಲಿನ ಕಚೇರಿಗೆ ಎಚ್ಚರವಾಯಿತು. ಕರಾರಿನಂತೆ ಕಂದಕ ತೋಡದ ನಿಮ್ಮನ್ನು ಮೂರು ವರ್ಷ ಕಪ್ಪುಪಟ್ಟಿಗೆ ಏಕೆ ಸೇರಿಸಬಾರದು, ಏಳು ದಿನದೊಳಗೆ ಉತ್ತರಿಸಿ, ಎಂದು ನೋಟಿಸ್ ಬಂತು.

ಕಪ್ಪುಪಟ್ಟಿ ಎಂದರೆ ಒಂದು ಇಲಾಖೆಯ ಬಾಗಿಲು ಮುಚ್ಚುವುದು ಎಂದು ಹೊರಗಿನವರು ತಿಳಿಯುತ್ತಾರೆ. ಹಾಗಲ್ಲ. ಮುಂದಿನ ಪ್ರತಿ ಟೆಂಡರಿನಲ್ಲೂ "ನಿಮ್ಮನ್ನು ಯಾರಾದರೂ ಕಪ್ಪುಪಟ್ಟಿಗೆ ಸೇರಿಸಿದ್ದಾರೆಯೇ" ಎಂಬ ಕಾಲಂ ಇರುತ್ತದೆ. ಹೌದು ಎಂದು ಬರೆದವನ ಲಕೋಟೆಯನ್ನು ಯಾರೂ ತೆರೆಯುವುದಿಲ್ಲ. ಮೂರು ವರ್ಷ ಕಳೆದ ಮೇಲೆ ಆ ಮನುಷ್ಯನ ಯಂತ್ರ ತುಕ್ಕು ಹಿಡಿದಿರುತ್ತದೆ, ಡ್ರೈವರ್ ಬೇರೆಯವನ ಹತ್ತಿರ ಹೋಗಿರುತ್ತಾನೆ. ಮೋರಿ, ತಡೆಗೋಡೆ, ಕಂದಕ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲದ ಅವರಿಗೆ ಅದು ಬದುಕಿದ್ದಾಗಲೇ ತಿಥಿ ಮಾಡಿದ ಹಾಗೆ.

"ಗ್ಯಾಪ್ ಯಾಕೆ ಬಿಟ್ರಿ?" ಎಂದೆ.

"ಲೈನಿನೋರು ಬಂದು ಕೈ ಮುಗುದ್ರು. ಕಂದಕದ ಆಚೆಗೆ ಅವ್ರು ಹೂಳೋ ಜಾಗ ಐತೆ. ಹೆಣ ಹೋಗೋ ದಾರಿ ಕಡೀಬ್ಯಾಡಿ ಅಂದ್ರು. ನಮ್ಮಲ್ಲೂ ಹೂಳೋದೇ ಅಲ್ವಾ ಮೇಡಂ? ಹೆಣದ ದಾರಿ ಕಡ್ದೋನ ಮನೆ ಉದ್ಧಾರ ಆಗಲ್ಲ ಅಂತ ನಮ್ಮಪ್ಪ ಹೇಳೋರು. ಮಿಷನ್ ನಿಲ್ಸಿ ಉಪ ವಲಯಾಧಿಕಾರಿಗಳ್ನ ಕೇಳ್ದೆ. ಸದ್ಯಕ್ಕೆ ಬಿಟ್ಬುಡಿ, ಅಲ್ಲಿಗೊಂದು ಗೇಟಿಗೆ ಬೇರೆ ಎಸ್ಟಿಮೇಟ್ ಹಾಕ್ತೀನಿ ಅಂದ್ರು. ಹನ್ನೆರಡಡಿ ಬಿಟ್ಟಿದ್ಕೆ ಮೋರಿ ಹತ್ರ ಹನ್ನೆರಡಡಿ ಜಾಸ್ತಿ ತೋಡ್ಕೊಟ್ಟೆ. ಒಂದಡೀನೂ ಮೋಸ ಮಾಡಿಲ್ಲ."

"ಬರವಣಿಗೆಯಲ್ಲಿ ಕೊಟ್ಟರಾ?"

"ಬಾಯಲ್ಲಿ ಹೇಳಿದ್ದು. ಮಳೆ ತಲೆ ಮೇಲೆ ಕೂತಿತ್ತು ಮೇಡಂ."

ಈ ಜಿಲ್ಲೆಯ ಕಾಮಗಾರಿಗಳೆಲ್ಲ ನಡೆಯುವುದು ಹೀಗೆಯೇ. ಜೂನ್ ಬರುವ ಮೊದಲು ಮುಗಿಯದ ಕೆಲಸ ಅಕ್ಟೋಬರ್ ತನಕ ಮುಗಿಯುವುದಿಲ್ಲ. ಅದಕ್ಕೇ ಏಪ್ರಿಲ್ ಮೇ ತಿಂಗಳಲ್ಲಿ ಎಲ್ಲವೂ ಬಾಯಿಮಾತು, ಕಾಗದ ಮಳೆ ನಿಂತ ಮೇಲೆ. ಮಳೆ ನಿಂತ ಮೇಲೆ ಕಾಗದದ ನೆನಪು ಯಾರಿಗೂ ಇರುವುದಿಲ್ಲ. ಕರಾರುಪತ್ರದಲ್ಲಿ ಮಾತ್ರ, ಲಿಖಿತ ಆದೇಶವಿಲ್ಲದ ಯಾವ ಬದಲಾವಣೆಗೂ ಮಾನ್ಯತೆಯಿಲ್ಲ ಎಂಬ ಷರತ್ತು ದಪ್ಪ ಅಕ್ಷರದಲ್ಲಿ ಕೂತಿರುತ್ತದೆ.

ಮರುದಿನ ಜಾಗ ನೋಡಲು ಹೋದೆವು. ಎಸ್ಟೇಟಿನ ರೈಟರ್ ಜೀಪು ತಂದಿದ್ದರು. ಕೂಲಿಯವರ ಹಾಜರಿ, ಪಿಕ್ಕಿಂಗಿನ ತೂಕ ಎಲ್ಲ ನೋಡಿಕೊಳ್ಳುವ, ಮೂವತ್ತು ವರ್ಷಗಳ ಹಿಂದೆ ವಯನಾಡಿನಿಂದ ಬಂದು ಇಲ್ಲೇ ನಿಂತವರು. ರೊಬಸ್ಟಾ ಗಿಡಗಳ ಸಾಲು ಮುಗಿದಲ್ಲಿ ಕಂದಕ. ಕೆಲಸ ಅಚ್ಚುಕಟ್ಟಾಗಿತ್ತು, ಗೋಡೆ ನೆಟ್ಟಗೆ ಕಡಿದಿತ್ತು, ಮಣ್ಣನ್ನು ತೋಟದ ಬದಿಗೆ ಏರಿ ಹಾಕಿದ್ದರು. ನಡುವೆ ಆ ಹನ್ನೆರಡು ಅಡಿ ನೆಲ. ಆನೆಯ ಹೆಜ್ಜೆ ಒಂದರ ಮೇಲೊಂದು ಬಿದ್ದು ಅಲ್ಲಿ ಹುಲ್ಲೇ ಇರಲಿಲ್ಲ. ಆಚೆಗೆ ಹತ್ತಿಪ್ಪತ್ತು ಗುಡ್ಡೆಗಳು, ತಲೆಯ ಕಡೆ ಒಂದೊಂದು ಕಲ್ಲು.

"ಮೊದಲು ಎಲ್ಲಿ ಬೇಕಾದ್ರೂ ಬರ್ತಿತ್ತು ಮೇಡಂ. ಈಗ ಎಲ್ಲ ಆನೆಯೂ ಇದರಲ್ಲೇ ಬರೋದು. ಇಲ್ಲಿಂದ ನೇರ ಲೈನಿಗೆ" ಎಂದರು ರೈಟರ್. "ಕೇಸು ಏನಾದ್ರೂ ಮಾಡಿ. ಇದನ್ನು ಯಾರು ಮುಚ್ಚೋದು, ಅದು ಹೇಳಿ."

ಮುಚ್ಚಿಸೋಣ ಎಂದೆ. ಆಗ ಹಾಗೆಯೇ ಅಂದುಕೊಂಡಿದ್ದೆ.

ಲೈನಿನ ಜಗುಲಿಯಲ್ಲಿ ಆ ಹೆಂಗಸು ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಅವಳ ಗಂಡ. ತೋಟದ ಕಾವಲುಗಾರ, ಲೈನಿನ ಹಿರಿಯ. ಹೆಣದ ದಾರಿ ಬಿಡಿ ಎಂದು ಕೈ ಮುಗಿದವರಲ್ಲಿ ಆತನೇ ಮುಂದೆ ನಿಂತಿದ್ದವನು. ಗುತ್ತಿಗೆದಾರರನ್ನು ನೋಡಿ ಆತ ಎದ್ದು ನಿಂತ. ಇಬ್ಬರೂ ಒಬ್ಬರನ್ನೊಬ್ಬರು ತಪ್ಪು ಮಾಡಿದವರ ಹಾಗೆ ನೋಡಿಕೊಂಡರು. ಆನೆಯೂ ತಪ್ಪು ಮಾಡಿರಲಿಲ್ಲ, ಇವರೂ ಮಾಡಿರಲಿಲ್ಲ. ತಪ್ಪು ಮಾಡಿದವರು ಯಾರೂ ಆ ಜಗುಲಿಗೆ ಬಂದಿರಲಿಲ್ಲ.

ಹೆಂಗಸು ನನ್ನನ್ನೇ ನೋಡಿ ಹೇಳಿದಳು. "ಆ ದಾರಿ ಮುಚ್ಸಿ ಅಮ್ಮ. ಸತ್ತೋರು ಸುತ್ತು ಹಾಕ್ಕೊಂಡು ಹೋಗ್ಲಿ. ಅವ್ರಿಗೇನು ಅವಸರ?"

ಅವಳ ಗಂಡ ತಲೆ ತಗ್ಗಿಸಿದ.

ಉತ್ತರಕ್ಕೆ ಕೂರುವ ಮೊದಲು ಅಳತೆ ಪುಸ್ತಕದ ಪ್ರತಿ ಬೇಕಿತ್ತು. ಮಾಡಿದ ಕೆಲಸವನ್ನು ಅಳೆದು ಬರೆದಿಡುವ ಪುಸ್ತಕ ಅದು. ಸರ್ಕಾರಿ ಕಾಮಗಾರಿಯಲ್ಲಿ ದೇವರ ಆಣೆಗಿಂತ ಅದರ ಪುಟಕ್ಕೆ ಬೆಲೆ ಹೆಚ್ಚು. ಗುತ್ತಿಗೆದಾರರಿಗೆ ಪ್ರತಿ ಕೊಡಬೇಕೆಂಬ ನಿಯಮವಿದ್ದರೂ ಕೇಳಿದ ಕೂಡಲೇ ಯಾರೂ ಕೊಡುವುದಿಲ್ಲ. ಉತ್ತರಕ್ಕೆ ಹದಿನೈದು ದಿನದ ಕಾಲಾವಕಾಶ ಕೇಳಿ, ಜೊತೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಎರಡು ಸಲ ಹೋಗಿ ಗುಮಾಸ್ತರ ಎದುರು ಕೂತು ಪ್ರತಿ ತೆಗೆದುಕೊಂಡೆ.

ಓದಿದವಳಿಗೆ ನಗು ಬಂತು. ತೋಡಿನಿಂದ ಮೋರಿಯ ತನಕ ಒಂದೇ ಸಾಲು, ಒಂದೇ ಅಳತೆ. ಗ್ಯಾಪ್ ಇಲ್ಲ, ಮೋರಿಯ ಹತ್ತಿರ ಹೆಚ್ಚುವರಿ ತೋಡಿದ್ದೂ ಇಲ್ಲ. ಒಟ್ಟು ಉದ್ದ ಸರಿಯಾಗುತ್ತದೆ ಎಂದು ಉಪ ವಲಯಾಧಿಕಾರಿ "ಕಂದಕ ನಿರಂತರವಾಗಿದೆ" ಎಂದು ಬರೆದು ಸಹಿ ಮಾಡಿದ್ದರು. ಅವರ ಮೇಲಿನ ಅಧಿಕಾರಿ ಮರು ಅಳತೆ ಮಾಡಿದ್ದೇನೆ ಎಂದು ಕೆಳಗೆ ಇನ್ನೊಂದು ಸಹಿ. ಕೊನೆಗೆ, ಅಳತೆ ಒಪ್ಪಿದ್ದೇನೆ ಎಂದು ನನ್ನ ಕಕ್ಷಿದಾರರ ಸಹಿ. ನೋಟಿಸ್ ಕೊಟ್ಟ ಮೇಲಿನ ಕಚೇರಿ ಫೋಟೋ ನೋಡಿ ಹೆದರಿತ್ತೇ ಹೊರತು ತನ್ನದೇ ಪುಸ್ತಕ ತೆರೆದು ನೋಡಿರಲಿಲ್ಲ.

ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು, ನಡೆದದ್ದನ್ನು ನಡೆದ ಹಾಗೆ ಹೇಳುವುದು: ಗ್ಯಾಪ್ ಇದೆ, ಅಧಿಕಾರಿಯ ಬಾಯಿಮಾತಿನ ಮೇಲೆ ಬಿಟ್ಟದ್ದು, ಸಮನಾದ ಉದ್ದವನ್ನು ಬೇರೆಡೆ ತೋಡಿದ್ದು. ಬಾಯಿಮಾತಿಗೆ ಮಾನ್ಯತೆಯಿಲ್ಲ ಎಂಬ ಷರತ್ತು ನಮ್ಮನ್ನು ಅಲ್ಲೇ ಹೂಳುತ್ತಿತ್ತು. ಉಪ ವಲಯಾಧಿಕಾರಿ ತಾನು ಹಾಗೆ ಹೇಳಿಲ್ಲ ಎನ್ನುವುದಂತೂ ಖಂಡಿತ. ಇನ್ನೊಂದು, ಅಳತೆ ಪುಸ್ತಕವನ್ನು ಹಿಡಿದು ನಿಲ್ಲುವುದು. ನಿಮ್ಮದೇ ಇಬ್ಬರು ಅಧಿಕಾರಿಗಳು ಕಂದಕ ಪೂರ್ಣವಾಗಿದೆ ಎಂದು ಬರೆದಿದ್ದಾರೆ. ಪ್ರಮಾಣಪತ್ರ ಕೊಟ್ಟಿದ್ದೀರಿ. ನನ್ನ ಕಕ್ಷಿದಾರರಿಗೆ ತಿಳಿಸಿ ಅವರ ಎದುರಿನಲ್ಲಿ ಮರು ಅಳತೆ ಮಾಡದೆ, ಪತ್ರಿಕೆಯ ಫೋಟೋ ಆಧರಿಸಿ ಶಿಕ್ಷಿಸಲು ನಿಮಗೆ ಅಧಿಕಾರವೆಲ್ಲಿಂದ ಬಂತು?

"ನಿಜಾನೇ ಹೇಳ್ಬುಡಾಣ ಮೇಡಂ" ಎಂದರು ಗುತ್ತಿಗೆದಾರರು. "ಗ್ಯಾಪ್ ಐತೆ ಅಂತ ಒಪ್ಕೊಂಡ್ರೆ ಅವ್ರು ಮುಚ್ಚಾರು."

"ಒಪ್ಕೊಂಡರೆ ಗ್ಯಾಪ್ ಮುಚ್ಚೋ ಮೊದಲು ನಿಮ್ಮನ್ನ ಮುಚ್ತಾರೆ" ಎಂದೆ. "ಬಾಯಿಗೆ ಬೆಲೆ ಇಲ್ಲ, ಪುಸ್ತಕಕ್ಕೆ ಬೆಲೆ. ಪುಸ್ತಕ ನಿಮ್ಮ ಕಡೆ ಇದೆ."

ಈ ಮಾತು ಹೇಳುವಾಗ ನನಗೆ ಖುಷಿಯಾಗಿತ್ತು. ಈಗ ಸುಳ್ಳು ಹೇಳಿ ಪ್ರಯೋಜನವಿಲ್ಲ, ಇದ್ದದ್ದನ್ನೇ ಬರೆಯುತ್ತಿದ್ದೇನೆ. ಚದುರಂಗದಲ್ಲಿ ಎದುರಾಳಿಯ ಕುದುರೆ ಹೊಡೆದಾಗ ಆಗುವಂಥದೇ ಖುಷಿ. ಉತ್ತರದಲ್ಲಿ ನಾನು ಒಂದು ಸುಳ್ಳನ್ನೂ ಬರೆಯಲಿಲ್ಲ. "ಗ್ಯಾಪ್ ಇಲ್ಲ" ಎಂದು ಎಲ್ಲೂ ಹೇಳಲಿಲ್ಲ. "ಅಳತೆ ಪುಸ್ತಕದಲ್ಲಿ ದಾಖಲಾಗಿರುವಂತೆ ಕಂದಕ ನಿರಂತರವಾಗಿದೆ" ಎಂದಷ್ಟೇ ಬರೆದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸುಳ್ಳು ನುಡಿಯದೆ ಸುಳ್ಳಿಗೆ ಕಾಲು ಕೊಡುವುದು ನಮ್ಮ ಕಸುಬಿನ ಚಾತುರ್ಯ. ಅದರಲ್ಲಿ ನಾನು ಹೆಸರು ಮಾಡಿದವಳು.

ವಿಚಾರಣೆಯ ದಿನ ಮೇಲಿನ ಅಧಿಕಾರಿ ಉತ್ತರವನ್ನು ಓದಲಿಲ್ಲ. ಗುತ್ತಿಗೆದಾರರ ಕಡೆ ನೋಡಿ, "ಒಂದು ಹೆಣ್ಣುಮಗಳ ಸೊಂಟ ಮುರಿದಿದೆ, ಗೊತ್ತೇನ್ರಿ?" ಎಂದರು. ವಾರದೊಳಗೆ ಒಂದೂವರೆ ಪುಟದ ಆದೇಶ ಬಂತು. ಉತ್ತರ ಸಮಾಧಾನಕರವಾಗಿಲ್ಲ, ಮೂರು ವರ್ಷ ಕಪ್ಪುಪಟ್ಟಿ. ಏಕೆ ಸಮಾಧಾನಕರವಾಗಿಲ್ಲ ಎಂಬುದಕ್ಕೆ ಒಂದು ವಾಕ್ಯವೂ ಇರಲಿಲ್ಲ. ಕಾರಣವಿಲ್ಲದ ಆದೇಶ ವಕೀಲರಿಗೆ ಹಬ್ಬ. ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದೆ. ತಡೆಯಾಜ್ಞೆ ಸಿಗಲಿಲ್ಲ, ಇಲಾಖೆಯ ಆಕ್ಷೇಪಣೆ ಬರಲಿ ಎಂದರು. ಆಕ್ಷೇಪಣೆಗೆ ಸರ್ಕಾರಿ ವಕೀಲರು ನಾಲ್ಕು ವಾರ ಕೇಳಿದರು, ಮತ್ತೆ ನಾಲ್ಕು ವಾರ. ಗುತ್ತಿಗೆದಾರರ ಜೆಸಿಬಿ ಮನೆಯ ಹಿಂದೆ ಟಾರ್ಪಾಲಿನ ಕೆಳಗೆ ನಿಂತಿತು.

ಆ ನಡುವೆಯೇ ಅವರು ಒಂದು ಮಧ್ಯಾಹ್ನ ಫೋನ್ ಮಾಡಿದ್ದು.

"ಮೇಡಂ, ಮಿಷನ್ ಸುಮ್ನೆ ನಿಂತೈತೆ. ಭಾನುವಾರ ತಗೊಂಡೋಗಿ ಆ ಹನ್ನೆರಡಡಿ ತೋಡ್ಬುಡ್ಲಾ? ಎರಡು ಗಂಟೆ ಕೆಲ್ಸ. ಲೈನಿನ ಯಜಮಾನ್ರೂ ಒಪ್ಪವ್ರೆ. ನಂಗೆ ನಿದ್ದೆ ಬರ್ತಿಲ್ಲ."

ನಾನು ಎದ್ದೇ ನಿಂತೆ. "ಈಗ ತೋಡಿದರೆ ಇಷ್ಟು ದಿನ ತೋಡಿರಲಿಲ್ಲ ಅಂತ ನೀವೇ ಒಪ್ಪಿದ ಹಾಗೆ. ಕೇಸು ಅಲ್ಲಿಗೆ ಮುಗೀತು. ಕೈ ಮುಗೀತೀನಿ, ಆ ಕಡೆ ಕಾಲಿಡಬೇಡಿ. ಪುಸ್ತಕದಲ್ಲಿ ಏನಿದೆಯೋ ಅದೇ ಇರಲಿ."

"ಆಯ್ತು ಮೇಡಂ. ನಿಮ್ಗೆ ತಿಳ್ದಿರತ್ತೆ" ಎಂದು ಇಟ್ಟರು.

ಆ ಫೋನಿಗೆ ನಾನು ಕೊಟ್ಟ ಉತ್ತರ ಕಾನೂನಿನ ಪ್ರಕಾರ ಸರಿ. ಯಾವ ವಕೀಲರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಇದನ್ನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಹೇಳಿಕೊಳ್ಳಬೇಕಾಗಿ ಬಂದದ್ದೇ ಅದು ಸರಿಯಲ್ಲ ಎನ್ನುವುದಕ್ಕೆ ಸಾಕ್ಷಿ.

ಅಂತಿಮ ವಾದದ ದಿನ ಇಲಾಖೆಯ ಪಾಡು ಗಂಟಲಲ್ಲಿ ಬಿಸಿತುಪ್ಪ ಸಿಕ್ಕವರ ಪಾಡಾಗಿತ್ತು. ಗ್ಯಾಪ್ ಇದೆ ಎಂದರೆ ತಮ್ಮ ಇಬ್ಬರು ಅಧಿಕಾರಿಗಳು ಸುಳ್ಳು ಅಳತೆ ಬರೆದರು ಎಂದಾಗುತ್ತದೆ. ಇಲ್ಲ ಎಂದರೆ ಕಪ್ಪುಪಟ್ಟಿಗೆ ಆಧಾರವಿಲ್ಲ. ನ್ಯಾಯಮೂರ್ತಿಗಳು ಅಳತೆ ಪುಸ್ತಕದ ಪುಟ ತಿರುವಿ ಸರ್ಕಾರಿ ವಕೀಲರನ್ನು ಒಂದೇ ಪ್ರಶ್ನೆ ಕೇಳಿದರು: ಈ ದಾಖಲೆ ತಪ್ಪು ಎನ್ನುತ್ತೀರಾ? ಅವರು ಹಿಂದೆ ಕೂತಿದ್ದ ಉಪ ವಲಯಾಧಿಕಾರಿಯ ಮುಖ ನೋಡಿದರು. ಆತ ನೆಲ ನೋಡಿದರು. ದಾಖಲೆಯನ್ನು ಅಲ್ಲಗಳೆಯುತ್ತಿಲ್ಲ ಎಂದು ವಕೀಲರು ಹೇಳಿ ಕೂತರು.

ಕಪ್ಪುಪಟ್ಟಿಯ ಆದೇಶ ರದ್ದಾಯಿತು. ಆ ತೀರ್ಪಿನ ನಡುವೆ ನನ್ನದೇ ವಾಕ್ಯ, ನನ್ನ ಅರ್ಜಿಯಿಂದ ಎತ್ತಿದ್ದು, ಅಕ್ಷರ ಬದಲಾಗದೆ ಕೂತಿತ್ತು: ಅಳತೆ ಪುಸ್ತಕದಲ್ಲಿ ದಾಖಲಾಗಿರುವಂತೆ ಕಂದಕ ನಿರಂತರವಾಗಿದೆ. ಬೇಕಿದ್ದರೆ ನಿಯಮದ ಪ್ರಕಾರ ಹೊಸದಾಗಿ ವಿಚಾರಣೆ ಮಾಡಬಹುದು ಎಂದು ಇಲಾಖೆಗೆ ಅವಕಾಶವನ್ನೂ ಕೊಟ್ಟಿದ್ದರು. ಅದನ್ನು ಯಾರೂ ಬಳಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಗುತ್ತಿಗೆದಾರರು ಮನೆಯ ಕಾಳುಮೆಣಸು ಒಂದು ಚೀಲ ತಂದುಕೊಟ್ಟು ಕಾಲಿಗೆ ಬೀಳಲು ಬಂದರು. ತಡೆದೆ, ಆದರೆ ಮೆಣಸು ಇಟ್ಟುಕೊಂಡೆ.

ಮುಂದಿನ ವಾರ ರೈಟರ್ ಬಂದರು. "ಮೇಡಂ, ನೀವು ಗೆದ್ದಿರಿ ಅಂತ ಕೇಳಿದೆ, ಸಂತೋಷ. ಈಗ ಆ ಗ್ಯಾಪು ಮುಚ್ಚಿಸಲಿಕ್ಕೆ ಒಂದು ಅರ್ಜಿ ಬರೆದು ಕೊಡಿ."

ಬರೆದುಕೊಟ್ಟೆ, ಲೈನಿನವರೆಲ್ಲ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಇಲಾಖೆಯಿಂದ ಇಷ್ಟು ಬೇಗ ಉತ್ತರ ಬಂದದ್ದನ್ನು ನಾನು ಕಂಡಿಲ್ಲ. "ಸದರಿ ಸ್ಥಳದಲ್ಲಿ ಕಂದಕವು ನಿರಂತರವಾಗಿದ್ದು, ಈ ಅಂಶವನ್ನು ಮಾನ್ಯ ಉಚ್ಚ ನ್ಯಾಯಾಲಯವೂ ತನ್ನ ಆದೇಶದಲ್ಲಿ ದಾಖಲಿಸಿರುತ್ತದೆ. ಆದ್ದರಿಂದ ತಮ್ಮ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ." ನನ್ನ ವಾಕ್ಯ ನನ್ನ ಮೇಜಿಗೇ ವಾಪಸು ಬಂದಿತ್ತು.

ಕೋರ್ಟಿನ ಹತ್ತಿರದ ಕ್ಯಾಂಟೀನಿನಲ್ಲಿ ಉಪ ವಲಯಾಧಿಕಾರಿ ಸಿಕ್ಕರು. ನಾನೇ ಹೋಗಿ ಎದುರು ಕೂತೆ. ಒಂದು ಎಸ್ಟಿಮೇಟ್ ಹಾಕಿ, ಸಣ್ಣ ಕೆಲಸ, ಮುಗಿಸಿಬಿಡಿ ಎಂದೆ.

ಆತ ವಡೆ ಮುರಿಯುತ್ತ ಹೇಳಿದರು. "ಇಲ್ಲದ ಗ್ಯಾಪಿಗೆ ಎಸ್ಟಿಮೇಟ್ ಹೆಂಗೆ ಹಾಕ್ಲಿ ಮೇಡಂ? ತೋಡಿರೋ ಜಾಗನ ಮತ್ತೆ ತೋಡಿಸ್ತೀನಿ ಅಂತ ಬರೆದ್ರೆ ಆಡಿಟ್‌ನೋರು ನನ್ನ ಸುಮ್ನೆ ಬಿಡ್ತಾರಾ? ನಾನು ಗೇಟಿಗೆ ಎಸ್ಟಿಮೇಟ್ ಹಾಕಬೇಕು ಅಂತಾನೇ ಇದ್ದೆ. ನೀವೇ ಹೈಕೋರ್ಟ್ ತನಕ ಹೋಗಿ ಅದನ್ನ ಮುಚ್ಚಿಬಿಟ್ರಿ."

ಆತನಿಗೆ ಒಂದು ಬಿಗಿಯಬೇಕು ಎನ್ನಿಸಿತು. ಬಿಗಿಯಲಿಲ್ಲ, ಏಕೆಂದರೆ ಆತ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಗುತ್ತಿಗೆದಾರರಿಗೆ ಫೋನ್ ಮಾಡಿದೆ. ಗ್ಯಾಪ್ ಬಿಟ್ಟದ್ದು ನಿಜ ಎಂದು ಈಗ ನೀವೊಂದು ಅಫಿಡವಿಟ್ ಕೊಟ್ಟರೆ ಅದರ ಆಧಾರದ ಮೇಲೆ ಮುಚ್ಚಿಸಬಹುದು, ಲೈಸೆನ್ಸಿಗೆ ತೊಂದರೆಯಾಗಬಹುದು, ಆದರೂ ಯೋಚನೆ ಮಾಡಿ ಎಂದೆ. ಅವರಿಗೆ ಅಷ್ಟರಲ್ಲಿ ಸೋಮವಾರಪೇಟೆಯ ಹತ್ತಿರ ಒಂದು ಮೋರಿಯ ಕೆಲಸ ಸಿಕ್ಕಿತ್ತು.

"ಈಗ ಆರ್ಡರ್ ಐತಲ್ಲ ಮೇಡಂ" ಎಂದರು. "ಬಾಯಿಗೆ ಬೆಲೆ ಇಲ್ಲ, ಪುಸ್ತಕಕ್ಕೆ ಬೆಲೆ ಅಂತ ನೀವೇ ಅಂದಿದ್ರಲ್ಲ."

ನಾನು ಕಲಿಸಿದ ಪಾಠವನ್ನು ಇಷ್ಟು ಚೆನ್ನಾಗಿ ಕಲಿತ ಶಿಷ್ಯ ನನಗೆ ಇನ್ನೊಬ್ಬರು ಸಿಕ್ಕಿಲ್ಲ.

ಮತ್ತೆ ಪಿಕ್ಕಿಂಗ್ ಬಂತು. ಒಂದು ದಿನ ಬೆಳಿಗ್ಗೆ ನಾನು ಕೋರ್ಟಿಗೆ ಹೊರಡುವಾಗ ರೈಟರ್ ಫೋನ್ ಮಾಡಿದರು. ಕಾವಲಿನಿಂದ ವಾಪಸು ಬರುತ್ತಿದ್ದ ಆ ಹೆಂಗಸಿನ ಗಂಡ ಗ್ಯಾಪಿನ ಹತ್ತಿರ ಎರಡು ಆನೆಗಳಿಗೆ ಎದುರಾಗಿದ್ದ. ಈ ಸಲ ಜೀವವೂ ಉಳಿದಿರಲಿಲ್ಲ.

ಮಣ್ಣಿಗೆ ಹೋದೆ. ಹೋಗದೆ ಇರಲಾಗಲಿಲ್ಲ. ಶವಪರೀಕ್ಷೆ ಮುಗಿಸಿ ತರುವಾಗ ಮಧ್ಯಾಹ್ನ ಮೂರು ದಾಟಿತ್ತು. ಲೈನಿನಿಂದ ಚಟ್ಟ ಹೊರಟಿತು, ರೊಬಸ್ಟಾ ಗಿಡಗಳ ನಡುವೆ ಬಂತು, ಕಂದಕದ ಹತ್ತಿರ ಸಾಲು ಕಿರಿದಾಯಿತು. ಹೊತ್ತವರು ಆ ಹನ್ನೆರಡು ಅಡಿ ನೆಲದ ಮೇಲೆ ಹೆಜ್ಜೆ ಹಾಕಿ ಆಚೆ ದಾಟಿದರು. ಆತ ಕೈ ಮುಗಿದು ಉಳಿಸಿಕೊಂಡ ದಾರಿಯಲ್ಲೇ ಹೋದ. ನಾನೂ ಅದೇ ನೆಲದ ಮೇಲೆ ನಡೆದೆ. ಎಣಿಸಿದೆ, ಐದು ಹೆಜ್ಜೆ.

ಹೆಂಗಸನ್ನು ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಹೊತ್ತು ತಂದಿದ್ದರು. ಮಣ್ಣು ಹಾಕಿದ ಮೇಲೆ ಅವಳು ನನ್ನನ್ನು ಹತ್ತಿರ ಕರೆದಳು. ಅಳುತ್ತಿರಲಿಲ್ಲ.

"ನೀವು ಗೆದ್ದ ಕೇಸು ಈ ಜಾಗದ್ದೇನಾ ಅಮ್ಮ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು, ಅಷ್ಟೆ. ಹೌದು ಎಂದೆ. ಅವಳು ತಲೆಯಾಡಿಸಿ, ಕುರ್ಚಿ ಎತ್ತಲು ಹೇಳಿದಳು. ದೂರದಲ್ಲಿ ಬೆಳ್ಳಿಮರವೊಂದಕ್ಕೆ ಒರಗಿ ಗುತ್ತಿಗೆದಾರರು ನಿಂತಿದ್ದರು. ಹತ್ತಿರ ಬರಲಿಲ್ಲ, ನನ್ನ ಜೊತೆ ಮಾತಾಡಲಿಲ್ಲ.

ಮೂರನೇ ದಿನ ಅವರು ಜೆಸಿಬಿ ತಂದರು. ಹಾಡುಹಗಲು, ಬೆಳಿಗ್ಗೆ ಹತ್ತು ಗಂಟೆಗೆ. ಯಾರನ್ನೂ ಕೇಳಲಿಲ್ಲ, ನನ್ನನ್ನಂತೂ ಕೇಳಲೇ ಇಲ್ಲ. ಅವರೇ ಹೇಳಿದ ಹಾಗೆ ಎರಡು ಗಂಟೆಯ ಕೆಲಸ. ಗಾರ್ಡುಗಳು ಬರುವ ಹೊತ್ತಿಗೆ ಹನ್ನೆರಡು ಅಡಿಯೂ ಮೂರು ಮೀಟರ್ ಆಳಕ್ಕೆ ಇಳಿದಿತ್ತು. ಅನುಮತಿಯಿಲ್ಲದೆ ಅರಣ್ಯದ ಗಡಿಯಲ್ಲಿ ನೆಲ ಅಗೆದದ್ದಕ್ಕೆ ಮೊಕದ್ದಮೆ ಹಾಕಿದರು, ಯಂತ್ರವನ್ನು ಮುಟ್ಟುಗೋಲು ಹಾಕಿಕೊಂಡರು. ಜಾಮೀನಿನ ಮೇಲೆ ಹೊರಬಂದ ಅವರು ಮಹಜರಿನ ಪ್ರತಿ ಹಿಡಿದು ನನ್ನ ಕಚೇರಿಗೆ ಬಂದರು. ಈ ಸಲವೂ ಕೂರಲಿಲ್ಲ.

ಮಹಜರು ಬರೆದದ್ದು ಅದೇ ಉಪ ವಲಯಾಧಿಕಾರಿ. "ಕಂದಕ ತೋಡದೆ ಉಳಿದಿದ್ದ ಸುಮಾರು ಹನ್ನೆರಡು ಅಡಿ ಉದ್ದದ ಜಾಗದಲ್ಲಿ ಆರೋಪಿಯು ಅಕ್ರಮವಾಗಿ ಭೂಮಿಯನ್ನು ಅಗೆದಿರುತ್ತಾನೆ." ನಾನು ಎರಡು ಸಲ ಓದಿದೆ. ಲೈನಿನವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟರೂ ಕಾಣದ ಗ್ಯಾಪು ಸರ್ಕಾರದ ಕಣ್ಣಿಗೆ ಬಿದ್ದದ್ದು ಅದನ್ನು ಮುಚ್ಚಿದವನ ಮೇಲೆ ಕೇಸು ಹಾಕುವಾಗ.

ಓದುತ್ತಿದ್ದ ಹಾಗೆ ನನ್ನ ತಲೆ ಹಳೆಯ ಚಾಳಿಗೆ ಬಿತ್ತು. ಅದು ಎಷ್ಟು ಬೇಗ ಬಿತ್ತು ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಈ ಕೇಸು ನಿಲ್ಲೋದಿಲ್ಲ" ಎಂದೆ. "ಅಲ್ಲಿ ಮೊದಲೇ ಕಂದಕ ಇತ್ತು ಅಂತ ಹೈಕೋರ್ಟಿನ ಆದೇಶ ಇದೆ. ಇದ್ದ ಕಂದಕವನ್ನ ನೀವು ತೋಡಿದ್ದು ಹೇಗೆ? ಅದನ್ನೇ ಹಾಜರುಪಡಿಸಿದರೆ ಬಿಡುಗಡೆ ಖಂಡಿತ. ಯಂತ್ರ ವಾಪಸು ಬರುತ್ತೆ, ಲೈಸೆನ್ಸೂ ಉಳಿಯುತ್ತೆ."

ಅವರು ನನ್ನ ಕೈಯಿಂದ ಮಹಜರನ್ನು ತೆಗೆದುಕೊಂಡರು.

"ಹಂಗಾರೆ ಆ ಮನುಷ್ಯನ್ನ ಕೊಂದ ಆನೆ ಎಲ್ಲಿಂದ ಬಂತು ಮೇಡಂ?"

ಕೇಳಿ ಅದನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು.

"ಬ್ಯಾಡ. ಒಪ್ಕತೀನಿ. ಗ್ಯಾಪ್ ಬಿಟ್ಟಿದ್ದೂ ನಾನೇ, ತೋಡಿದ್ದೂ ನಾನೇ. ಮೊದ್ಲ ದಿನ ಬಂದಾಗ್ಲೂ ಇದನ್ನೇ ಅಲ್ವಾ ಹೇಳಿದ್ದು."

ಮ್ಯಾಜಿಸ್ಟ್ರೇಟರ ಎದುರು ಅವರು ತಪ್ಪೊಪ್ಪಿಕೊಂಡಾಗ ಪಕ್ಕದಲ್ಲಿ ನಿಂತಿದ್ದೆ. ನನ್ನ ವೃತ್ತಿಯಲ್ಲಿ ಅಷ್ಟು ಕಡಿಮೆ ಮಾತಾಡಿದ ದಿನ ಇನ್ನೊಂದಿಲ್ಲ. ದಂಡ ಕಟ್ಟಿದರು. ಆ ತಪ್ಪೊಪ್ಪಿಗೆಯ ಆಧಾರದ ಮೇಲೆ, ಈ ಸಲ ಕಾರಣಗಳನ್ನು ವಿವರವಾಗಿ ಬರೆದು, ಇಲಾಖೆ ಅವರ ನೋಂದಣಿಯನ್ನು ರದ್ದುಮಾಡಿತು. ಆ ಆದೇಶದಲ್ಲಿ ನಾನು ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ಅಳತೆ ಬರೆದ ಇಬ್ಬರಲ್ಲಿ ಒಬ್ಬರಿಗೆ ಬಡ್ತಿಯಾಗಿದೆ, ಇನ್ನೊಬ್ಬರು ನಿವೃತ್ತರಾಗಿದ್ದಾರೆ. ನಾನು ಗೆದ್ದ ತೀರ್ಪನ್ನು ಬೇರೆ ವಕೀಲರು ಈಗಲೂ ತಮ್ಮ ಕೇಸುಗಳಲ್ಲಿ ಉಲ್ಲೇಖಿಸುತ್ತಾರೆ, ಎದುರು ಸಿಕ್ಕಾಗ ಅಭಿನಂ​ದಿಸುತ್ತಾರೆ.

ಕೋರ್ಟಿನ ಮೆಟ್ಟಿಲು ಇಳಿಯುವಾಗ ಗುತ್ತಿಗೆದಾರರು ನಿಂತರು. "ಮೇಡಂ, ಒಂದು ಅರ್ಜಿ ಬರ್ದುಕೊಡ್ತೀರಾ? ಹೆಣದ ದಾರಿ ಕಡಿದಂಗಾಯ್ತಲ್ಲ. ಅಲ್ಲಿ ಎರಡು ಮರದ ದಿಮ್ಮಿ ಅಡ್ಡ ಹಾಕಕ್ಕೆ ಪರ್ಮಿಷನ್ ಬೇಕು. ಹೆಣ ಬಂದಾಗ ಇಡೋದು, ಆಮೇಲೆ ತೆಗೆಯೋದು. ಈ ಸಲ ಬಾಯಲ್ಲಿ ಬ್ಯಾಡ, ಬರವಣಿಗೇಲೇ ಕೇಳಾಣ."

ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದೆ. ದಾಟಬೇಕಾದ ಜಾಗ ಎಲ್ಲಿದೆ, ಅಲ್ಲಿ ಮೊದಲು ಏನಿತ್ತು, ಯಾರು ಬಿಟ್ಟದ್ದು, ಯಾರು ಬಿಡಲು ಹೇಳಿದ್ದು, ಎಷ್ಟು ಅಡಿ, ಎಲ್ಲವನ್ನೂ ಇದ್ದ ಹಾಗೆ ಬರೆದೆ. ಉತ್ತರ ಇನ್ನೂ ಬಂದಿಲ್ಲ.